ಅಹಮದನಗರದಲ್ಲಿ ಹುಟ್ಟಿದ ಸಯಾಮಿನ ಗವರ್ನೆಸ್: ಆನ್ನಾ ಲಿಯೊನೊವೆನ್ಸ್

ಠಾಕುರ್ಲಿ, ಡೊಂಬಿವಲಿ, ಕಲ್ಯಾಣ ಪರಿಸರದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಹಲವರಿಗೆ ಊರಿನ ದಾರಿಯೆಂದರೆ ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಕರ್ಜತ್ ದಾಟಿ, ಭೋರ್ ಘಾಟಿಯ ಸುರಂಗಗಳನ್ನು ಹಾದು ಪುಣೆ, ಸೊಲ್ಲಾಪುರಗಳ ಕಡೆಗೆ ಸಾಗುವ ರೈಲುದಾರಿ. ಈ ದಾರಿ ಇನ್ನೂ ಇಲ್ಲದಿದ್ದ ಕಾಲದಲ್ಲಿ, ಇದೇ ಘಟ್ಟದ ಮೇಲಿನ ನಾಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ಮುಂದೆ ಸಯಾಮ್ ದೇಶದ ಅರಮನೆಯಲ್ಲಿ ರಾಜಮಕ್ಕಳ ಗವರ್ನೆಸ್, ಅಂದರೆ ಮನೆಶಿಕ್ಷಕಿಯಾಗಿ ಜಗತ್ಪ್ರಸಿದ್ಧಳಾದಳು. ಆಕೆಯ ಕಥೆಯನ್ನಾಧರಿಸಿ ಕಾದಂಬರಿ ಬಂತು, ಸಂಗೀತ ನಾಟಕ ಬಂತು, ಚಲನಚಿತ್ರಗಳು ಬಂದವು. ಆದರೆ ಆಕೆ ಹುಟ್ಟಿದ್ದು ಎಲ್ಲಿ ಎಂಬ ಸಂಗತಿ ಮಾತ್ರ ಆಕೆ ತೀರಿಕೊಂಡು ಅರುವತ್ತು ವರ್ಷಗಳವರೆಗೆ ಲೋಕಕ್ಕೆ ತಿಳಿದಿರಲಿಲ್ಲ. ಆ ಹೆಣ್ಣುಮಗಳೇ ಆನ್ನಾ ಲಿಯೊನೊವೆನ್ಸ್.

ಕಾದಂಬರಿಯ ಗವರ್ನೆಸ್

ಗವರ್ನೆಸ್ ಎಂದೊಡನೆ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ನೆನಪಾಗುವುದು ಶಾರ್ಲೆಟ್ ಬ್ರಾಂಟೆಯ ಜೇನ್ ಏರ್ ಕಾದಂಬರಿ. 1847ರ ಅಕ್ಟೋಬರ್‌ನಲ್ಲಿ ಕರರ್ ಬೆಲ್ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಈ ಕೃತಿಯ ನಾಯಕಿ ತಂದೆತಾಯಿಯಿಲ್ಲದ ಬಡ ಹುಡುಗಿ. ಥಾರ್ನ್‌ಫೀಲ್ಡ್ ಎಂಬ ಏಕಾಂತದ ಮಹಲಿಗೆ ಆಕೆ ಶಿಕ್ಷಕಿಯಾಗಿ ಬರುತ್ತಾಳೆ. ಮಹಲಿನ ಒಡೆಯ ರೋಚೆಸ್ಟರ್ ನಿಗೂಢ ಸ್ವಭಾವದವನು. ರಾತ್ರಿ ಮೇಲಂತಸ್ತಿನಿಂದ ವಿಚಿತ್ರವಾದ ನಗು ಕೇಳಿಸುತ್ತದೆ. ಜಮೈಕಾ ದ್ವೀಪದಲ್ಲಿ ಮದುವೆಯಾಗಿ ಕರೆತಂದ, ಬುದ್ಧಿಭ್ರಮಣೆಗೊಳಗಾದ ಹೆಂಡತಿಯನ್ನು ಆತ ಅಲ್ಲಿ ಕೂಡಿಹಾಕಿರುತ್ತಾನೆ. ಬ್ರಾಂಟೆ ಸ್ವತಃ 1839 ಮತ್ತು 1841ರಲ್ಲಿ ಸಿರಿವಂತರ ಮನೆಗಳಲ್ಲಿ ಗವರ್ನೆಸ್ ಆಗಿ ದುಡಿದು, ಆ ವೃತ್ತಿಯ ಅಪಮಾನಗಳನ್ನು ಉಂಡವಳು. ಗವರ್ನೆಸ್ ಮನೆಯವರ ಪಂಕ್ತಿಯವಳೂ ಅಲ್ಲ, ಆಳುಗಳ ಸಾಲಿನವಳೂ ಅಲ್ಲ. ವಿದ್ಯೆಯೊಂದೇ ಆಕೆಯ ಬಂಡವಾಳ.

ಆ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾದಾಗ ಆನ್ನಾಳಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಹದಿನೈದು ವರ್ಷಗಳ ತರುವಾಯ ಆಕೆಯೂ ಒಬ್ಬ ಪ್ರಬಲ ಒಡೆಯನ ಮನೆಗೆ ಶಿಕ್ಷಕಿಯಾಗಿ ಹೋದಳು. ಆದರೆ ಇಲ್ಲಿ ಬಾಗಿಲು ಹಾಕಿದ ಕೋಣೆಯನ್ನು ಕಾದುಕೊಂಡವನು ಒಡೆಯನಲ್ಲ, ಗವರ್ನೆಸ್ಸೇ. ಆ ಕೋಣೆಯಲ್ಲಿದ್ದುದು ಆಕೆಯ ತವರು.

ಬ್ಯಾರಕ್ಕಿನ ಬಾಲ್ಯ

ಇಂದು ಅಹಿಲ್ಯಾನಗರವೆಂದು ಹೆಸರಾಗಿರುವ ಅಹಮದನಗರದಲ್ಲಿ 1831ರ ನವೆಂಬರ್‌ನಲ್ಲಿ ಆಕೆಯ ಜನನವಾಯಿತು. ಆಗಿನ ಹೆಸರು ಆನ್ ಹ್ಯಾರಿಯೆಟ್ ಎಡ್ವರ್ಡ್ಸ್. ತಂದೆ ಥಾಮಸ್ ಎಡ್ವರ್ಡ್ಸ್ ಮೂಲತಃ ಮರಗೆಲಸದವನು. ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೇನೆಯಲ್ಲಿ ಸಾರ್ಜೆಂಟ್ ಆಗಿದ್ದನು. ಮಗಳು ಹುಟ್ಟುವ ಮೂರು ತಿಂಗಳ ಮೊದಲೇ ಆತ ತೀರಿಕೊಂಡನು. ತಾಯಿ ಮೇರಿ ಆನ್ ಗ್ಲಾಸ್ಕಾಟ್ ಕಂಪನಿ ಸೇನೆಯ ಲೆಫ್ಟಿನೆಂಟ್ ಒಬ್ಬನ ಮಗಳು. ಆ ಲೆಫ್ಟಿನೆಂಟನ ಸಂಗಾತಿಯ ಹೆಸರು ಯಾವ ದಾಖಲೆಯಲ್ಲಿಯೂ ಉಳಿದಿಲ್ಲ. ಅಜ್ಜಿ ಭಾರತೀಯಳೋ ಅಥವಾ ಆಂಗ್ಲೋ-ಇಂಡಿಯನ್ ಮೂಲದವಳೋ ಆಗಿದ್ದಿರಬೇಕೆಂಬುದು ಆನ್ನಾಳ ಜೀವನವನ್ನು ಶೋಧಿಸಿದ ವಿದ್ವಾಂಸರ ಅಭಿಪ್ರಾಯ.

ಹದಿಹರೆಯದ ವಿಧವೆಗೆ ಎರಡು ಕೂಸುಗಳನ್ನು ಕಟ್ಟಿಕೊಂಡು ದಂಡುಪ್ರದೇಶದಲ್ಲಿ ಬದುಕುವುದು ಸಾಧ್ಯವಿರಲಿಲ್ಲ. ಕೆಲವೇ ವಾರಗಳಲ್ಲಿ ಆಕೆ ಪ್ಯಾಟ್ರಿಕ್ ಡೊನೊಹೊ ಎಂಬ ಐರಿಷ್ ಸಿಪಾಯಿಯನ್ನು ಮರುಮದುವೆಯಾದಳು. ಆನ್ನಾಳ ಬಾಲ್ಯ ಮಲತಂದೆಯ ವರ್ಗಾವಣೆಗಳ ಹಿಂದೆ ಸಾಗಿತು. ಪುಣೆ, ಗುಜರಾತಿನ ಡೀಸಾ, ಸಮುದ್ರದಾಚೆಯ ಏಡನ್, ಮತ್ತೆ ಪುಣೆ. ಸಾಮಾನ್ಯ ಸಿಪಾಯಿಗಳ ಹೆಂಡಿರು ಮಕ್ಕಳು ಬ್ಯಾರಕ್ಕಿನಲ್ಲೇ ಒಂದು ಪರದೆಯ ಮರೆಯಲ್ಲಿ ಸಂಸಾರ ಹೂಡಬೇಕಾಗಿದ್ದ ಕಾಲವದು. ಅಕ್ಕ ಎಲೈಜಾಳಿಗೆ ಹದಿನೈದರ ಆಸುಪಾಸಿನಲ್ಲೇ, 1845ರಲ್ಲಿ, ಸೇನೆಯ ಸಾರ್ಜೆಂಟ್ ಒಬ್ಬನೊಡನೆ ಮದುವೆ ಮಾಡಿಕೊಟ್ಟರು. ತಂಗಿಯ ಮುಂದೆಯೂ ಅದೇ ದಾರಿ ತೆರೆದಿತ್ತು. ಆಕೆ ಆ ದಾರಿ ಹಿಡಿಯಲಿಲ್ಲ. ಹಿಂದುಸ್ತಾನಿ ಕಲಿತಳು, ಓದಿನಲ್ಲಿ ಮುಳುಗಿದಳು. 1849ರ ಕ್ರಿಸ್‌ಮಸ್ ದಿನ ಪುಣೆಯಲ್ಲಿ ಥಾಮಸ್ ಲಿಯೊನ್ ಓವೆನ್ಸ್ ಎಂಬ ಐರಿಷ್ ಗುಮಾಸ್ತನನ್ನು ವರಿಸಿದಳು.

ಆಗಿನ ಪುಣೆಯಿಂದ ಮುಂಬಯಿಗೆ ಇಳಿಯುವುದೆಂದರೆ ಬಂಡಿಯಲ್ಲಿಯೋ ಪಲ್ಲಕ್ಕಿಯಲ್ಲಿಯೋ ಭೋರ್ ಘಾಟಿಯನ್ನು ಇಳಿದು, ಪನ್ವೇಲಿನಲ್ಲಿ ದೋಣಿ ಹತ್ತಿ ಖಾಡಿ ದಾಟುವುದು. ಇಂದಿನ ನವಿ ಮುಂಬಯಿಯ ಅಂಚಿನಲ್ಲಿರುವ ಪನ್ವೇಲ್ ಅಂದು ಘಟ್ಟಕ್ಕೂ ಕಡಲಿಗೂ ನಡುವಣ ಬಂದರಾಗಿತ್ತು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ನಮ್ಮ ಡೊಂಬಿವಲಿ, ಠಾಕುರ್ಲಿಗಳ ನೆಲದ ಮೇಲೆ ಹಾದು ಹಳಿ ಕಲ್ಯಾಣವನ್ನು ಮುಟ್ಟಿದ್ದು 1854ರಲ್ಲಿ. ಅಷ್ಟರಲ್ಲಾಗಲೇ ಆನ್ನಾ ಈ ನಾಡನ್ನು ಬಿಟ್ಟಿದ್ದಳು. ಮುಂದೆ 1884ರಲ್ಲಿ ಭಾರತದ ಬಗ್ಗೆ ಆಕೆ ಬರೆದ ಪುಸ್ತಕದ ಉಪಶೀರ್ಷಿಕೆಯಲ್ಲಿಯೇ ಅದು ರೈಲು ಬರುವುದಕ್ಕಿಂತ ಮುಂಚಿನ ಪ್ರವಾಸದ ನೆನಪೆಂದು ಸೂಚಿಸಿದ್ದಾಳೆ.

ವಿಯೋಗದ ಮೇಲೆ ವಿಯೋಗ

ಮೊದಲ ಮಗು ಸೆಲೀನಾ 1850ರಲ್ಲಿ ಹುಟ್ಟಿ, ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಳು. 1852ರಲ್ಲಿ ದಂಪತಿಗಳು ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದರು. ಎರಡನೆಯ ಕೂಸು ಗಂಡುಮಗು, ಅದೂ ಉಳಿಯಲಿಲ್ಲ. ಆಸ್ಟ್ರೇಲಿಯಾದಲ್ಲಿ 1854ರಲ್ಲಿ ಮಗಳು ಏವಿಸ್, ಬಳಿಕ 1856ರಲ್ಲಿ ಮಗ ಲೂಯಿ ಹುಟ್ಟಿದರು. ಗಂಡನ ಹೆಸರಿನ ಎರಡು ತುಂಡುಗಳು ಕೂಡಿ ಲಿಯೊನೊವೆನ್ಸ್ ಎಂಬ ಹೊಸ ಕುಲನಾಮವಾದದ್ದು ಇದೇ ಅಲೆದಾಟದ ವರ್ಷಗಳಲ್ಲಿ. 1857ರಲ್ಲಿ ಕುಟುಂಬ ಮಲಯಾ ಕರಾವಳಿಯ ಪೆನಾಂಗಿಗೆ ಬಂತು. ಥಾಮಸ್ ಅಲ್ಲಿ ಹೋಟೆಲು ನೋಡಿಕೊಳ್ಳುತ್ತಿದ್ದನು. 1859ರಲ್ಲಿ ಆತ ಹಠಾತ್ತನೆ ತೀರಿಕೊಂಡನು.

ಇಪ್ಪತ್ತೇಳು ವರ್ಷದ ವಿಧವೆ, ಎರಡು ಚಿಕ್ಕ ಮಕ್ಕಳು, ಕೈಯಲ್ಲಿ ಹಣವಿಲ್ಲ. ಪುಣೆಗೆ ಹಿಂದಿರುಗಿದರೆ ಮಲತಂದೆಯ ಮನೆ ಮತ್ತು ಬಹುಶಃ ಅವಸರದ ಇನ್ನೊಂದು ಮದುವೆ. ತಾಯಿಯ ಬದುಕಿನಲ್ಲಿ ನಡೆದದ್ದೇ ಮತ್ತೆ ನಡೆಯುತ್ತಿತ್ತು. ಆನ್ನಾ ಹಿಂದಿರುಗಲಿಲ್ಲ. ಸಿಂಗಪುರಕ್ಕೆ ಬಂದು, ಅಲ್ಲಿನ ಬ್ರಿಟಿಷ್ ಸಮಾಜದ ಮುಂದೆ ತನಗೊಂದು ಹೊಸ ಜನ್ಮವನ್ನೇ ಬರೆದುಕೊಂಡಳು. ತಾನು ಹುಟ್ಟಿದ್ದು ವೇಲ್ಸ್ ಪ್ರಾಂತದ ಕಾರ್ನಾರ್ವನ್ನಿನಲ್ಲಿ, ವರ್ಷ 1834. ತಂದೆ ಕ್ರಾಫರ್ಡ್ ಎಂಬ ಕ್ಯಾಪ್ಟನ್, ಯುದ್ಧದಲ್ಲಿ ಮಡಿದವನು. ಗಂಡ ಸೇನೆಯ ಮೇಜರ್, ಹುಲಿಬೇಟೆಗೆ ಹೋದಾಗ ತೀರಿಕೊಂಡವನು. ಇವುಗಳಲ್ಲಿ ಒಂದೂ ನಿಜವಲ್ಲ.

ಇದನ್ನು ಬರಿಯ ಸುಳ್ಳೆಂದು ತಳ್ಳಿಹಾಕುವ ಮೊದಲು ಆ ಕಾಲದ ನಿಯಮಗಳನ್ನು ನೆನೆಯಬೇಕು. ತಂದೆತಾಯಿಯರಲ್ಲಿ ಒಬ್ಬರು ಭಾರತೀಯರಾದವರಿಗೆ ಕಂಪನಿಯ ಉನ್ನತ ಹುದ್ದೆಗಳ ಬಾಗಿಲು 1791ರಲ್ಲಿಯೇ ಮುಚ್ಚಿತ್ತು. ಬ್ಯಾರಕ್ಕಿನಲ್ಲಿ ಬೆಳೆದ, ಮಿಶ್ರರಕ್ತದ ಸಂಶಯವಿದ್ದ ಗುಮಾಸ್ತನ ವಿಧವೆಯನ್ನು ಅಧಿಕಾರಿಗಳ ಮಕ್ಕಳಿಗೆ ಅಕ್ಷರ ಕಲಿಸಲು ಯಾರೂ ಕರೆಯುತ್ತಿರಲಿಲ್ಲ. ಮಕ್ಕಳ ಹೊಟ್ಟೆ ಹೊರೆಯಲು ಆಕೆಗೆ ಬೇಕಾಗಿದ್ದುದು ಶಾಲೆ. ಶಾಲೆಗೆ ಬೇಕಾಗಿದ್ದುದು ಕುಲೀನತೆ. ಆಕೆ ತೆರೆದ ಶಾಲೆ ಹೆಸರು ಗಳಿಸಿತಾದರೂ ಹಣ ಗಳಿಸಲಿಲ್ಲ.

ಮೋಂಗ್ಕುಟ್ ದೊರೆಯ ಅರಮನೆ

ಅಂಥ ಹೊತ್ತಿನಲ್ಲಿ ಸಿಂಗಪುರದಲ್ಲಿದ್ದ ಸಯಾಮಿನ ಕಾನ್ಸಲ್ ತಾನ್ ಕಿಮ್ ಚಿಂಗ್ ಮೂಲಕ ದೊರೆ ಮೋಂಗ್ಕುಟನ ಕರೆ ಬಂತು. ಅರಮನೆಯ ಮಕ್ಕಳಿಗೂ ಸ್ತ್ರೀಯರಿಗೂ ಇಂಗ್ಲಿಷ್, ವಿಜ್ಞಾನ, ಸಾಹಿತ್ಯಗಳನ್ನು ಕಲಿಸಬೇಕು, ಆದರೆ ಅವರನ್ನು ಕ್ರೈಸ್ತಮತಕ್ಕೆ ಸೆಳೆಯಕೂಡದು ಎಂಬುದು ದೊರೆಯ ಸ್ಪಷ್ಟವಾದ ಕರಾರು. ಅದಕ್ಕೂ ಮೊದಲು ಮಿಷನರಿಗಳ ಪತ್ನಿಯರು ಅರಮನೆಗೆ ಬಂದು ಪಾಠ ಹೇಳುತ್ತಿದ್ದರು. ಪಾಠಕ್ಕಿಂತ ಮತಬೋಧೆಯೇ ಹೆಚ್ಚಾದಾಗ ದೊರೆ ಅದನ್ನು ನಿಲ್ಲಿಸಿದ್ದನು. 1862ರಲ್ಲಿ ಆನ್ನಾ ಏಳು ವರ್ಷದ ಮಗಳನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಿ, ಐದು ವರ್ಷದ ಲೂಯಿಯನ್ನು ಕರೆದುಕೊಂಡು ಬ್ಯಾಂಕಾಕಿಗೆ ಹೊರಟಳು. ಜೊತೆಗೆ ಮನೆಗೆಲಸದ ಬೀಬಿ ಮತ್ತು ಭಾಷೆ ಕಲಿಸಿದ ಮುನ್ಷಿ ಇದ್ದರೆಂದು ಆಕೆಯೇ ಬರೆದಿದ್ದಾಳೆ. ಹೆಸರನ್ನು ಬಿಟ್ಟು ಬಂದರೂ ಭಾರತ ಆಕೆಯ ಮನೆಯೊಳಗೇ ಇತ್ತು.

ಮೋಂಗ್ಕುಟ್ ಸಾಮಾನ್ಯ ಅರಸನಲ್ಲ. 1804ರಲ್ಲಿ ಹುಟ್ಟಿದ ಆತ ಪಟ್ಟವೇರುವ ಮುನ್ನ 27 ವರ್ಷಗಳ ಕಾಲ ಬೌದ್ಧ ಭಿಕ್ಷುವಾಗಿದ್ದನು. ಪಾಳಿಯಲ್ಲಿ ಪಂಡಿತ, ಲ್ಯಾಟಿನ್ ಮತ್ತು ಇಂಗ್ಲಿಷ್ ಬಲ್ಲವನು, ಖಗೋಳಶಾಸ್ತ್ರದಲ್ಲಿ ತೀವ್ರ ಆಸಕ್ತ. 1851ರಲ್ಲಿ ದೊರೆಯಾಗಿ, 1855ರಲ್ಲಿ ಬ್ರಿಟಿಷರೊಡನೆ ವ್ಯಾಪಾರದ ಒಪ್ಪಂದ ಮಾಡಿಕೊಂಡನು. ನೆರೆಯ ಬರ್ಮಾ ಬ್ರಿಟಿಷರಿಗೂ, ವಿಯೆಟ್ನಾಂ ಫ್ರೆಂಚರಿಗೂ ತುತ್ತಾಗುತ್ತಿದ್ದಾಗ ಸಯಾಮ್ ಸ್ವತಂತ್ರವಾಗಿ ಉಳಿಯಲು ಹಾಕಿದ ಅಡಿಪಾಯ ಅವನದು. ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಅವನಿಗೆ ಶೋಕಿಯಾಗಿರಲಿಲ್ಲ, ರಾಜ್ಯರಕ್ಷಣೆಯ ಒಂದು ಉಪಾಯವಾಗಿತ್ತು. ಅವನಿಗೆ ಒಟ್ಟು 82 ಮಕ್ಕಳಾದರೆಂದು ಲೆಕ್ಕ. ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಆರಂಭವಾದದ್ದು 1881ರಲ್ಲಿ ಎಂಬುದನ್ನು ನೆನೆದರೆ, ಅದಕ್ಕೂ ಸುಮಾರು ಎರಡು ದಶಕ ಮೊದಲು ಅಂತಃಪುರದ ಹೆಣ್ಣುಮಕ್ಕಳಿಗೆ ವಿದೇಶಿ ಶಿಕ್ಷಕಿಯನ್ನು ನೇಮಿಸಿದ ಈ ದೊರೆಯ ದೂರದೃಷ್ಟಿ ಮನವರಿಕೆಯಾದೀತು.

ಐದು ವರ್ಷಗಳಿಗೂ ಹೆಚ್ಚು ಕಾಲ ಆನ್ನಾ ಅಲ್ಲಿದ್ದಳು. ಪಾಠದ ಜೊತೆಗೆ ದೊರೆಯ ವಿದೇಶಿ ಪತ್ರವ್ಯವಹಾರದಲ್ಲಿಯೂ ನೆರವಾದಳು. ಅರಮನೆಯ ಹೊರಗೆ ಪ್ರತ್ಯೇಕ ಮನೆ ಬೇಕೆಂದು ಪಟ್ಟು ಹಿಡಿದಳು, ಸಂಬಳ ಸಾಲದೆಂದು ವಾದಿಸಿದಳು, ದಾಸಿಯರ ಪರವಾಗಿ ದೊರೆಗೆ ಅಹವಾಲು ಒಯ್ದಳು. ದೊರೆ ಮುಂಗೋಪಿ, ಶಿಕ್ಷಕಿ ಹಟಮಾರಿ. ಇಬ್ಬರ ನಡುವೆ ಜಗಳವೂ ಇತ್ತು, ಗೌರವವೂ ಇತ್ತು. ಸಿನಿಮಾಗಳು ತೋರಿಸುವ ಪ್ರೇಮಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ಅಮೆರಿಕದ ಅಧ್ಯಕ್ಷರಿಗೆ ಆನೆಗಳನ್ನು ಕಳುಹಿಸುವೆನೆಂದು ದೊರೆ ಬರೆದ ಪ್ರಸಿದ್ಧ ಪತ್ರವನ್ನು ಕೂಡ ಆನ್ನಾಳ ಕಥೆಗೆ ಜೋಡಿಸಿದ್ದಾರೆ. ಆದರೆ ಆ ಪತ್ರ 1861ರದು, ಆಕೆ ಬರುವುದಕ್ಕೆ ಒಂದು ವರ್ಷ ಮೊದಲಿನದು.

1867ರಲ್ಲಿ ಆರೋಗ್ಯ ಕೆಟ್ಟು ಆಕೆ ರಜೆಯ ಮೇಲೆ ಹೊರಟಳು. ಮರುವರ್ಷ, 1868ರ ಆಗಸ್ಟ್ 18ರಂದು, ತಾನೇ ಗಣಿಸಿದ್ದ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಮೋಂಗ್ಕುಟ್ ವಾ ಕೋ ಎಂಬ ಕಡಲಂಚಿನ ಊರಿಗೆ ಹೋದನು. ಅದೇ ಗ್ರಹಣದ ನೆರಳು ಅಂದು ನಮ್ಮ ಜಮಖಂಡಿಯ ಮೇಲೂ ಹಾದುಹೋಗಿ, ಅಲ್ಲಿಯೂ ವಿಜ್ಞಾನಿಗಳು ದೂರದರ್ಶಕ ಹೂಡಿದ್ದರು. ದೊರೆಯ ಲೆಕ್ಕ ನಿಖರವಾಗಿ ಫಲಿಸಿತು. ಆದರೆ ಆ ಜೌಗು ನೆಲದಲ್ಲಿ ತಗುಲಿದ ಮಲೇರಿಯಾದಿಂದ ಅಕ್ಟೋಬರ್ 1ರಂದು ಅವನು ತೀರಿಕೊಂಡನು. ಹದಿನೈದು ವರ್ಷದ ಚೂಲಲಾಂಗ್‌ಕಾರ್ನ್ ಪಟ್ಟಕ್ಕೆ ಬಂದನು. ಹಳೆಯ ಶಿಕ್ಷಕಿಗೆ ಕೃತಜ್ಞತೆಯ ಪತ್ರ ಬರೆದನು, ಮರಳಿ ಕರೆಯಲಿಲ್ಲ.

ಲೇಖನಿಯ ಬದುಕು

ಆನ್ನಾ ಅಮೆರಿಕ ಸೇರಿದಳು. ಶಾಲೆ ನಡೆಸುತ್ತ, ಉಪನ್ಯಾಸ ನೀಡುತ್ತ, ಪತ್ರಿಕೆಗಳಿಗೆ ಬರೆಯುತ್ತ ಹೊಟ್ಟೆಪಾಡು ಸಾಗಿಸಿದಳು. 1870ರಲ್ಲಿ ಸಯಾಮಿನ ಅನುಭವಗಳ ಮೊದಲ ಪುಸ್ತಕ, ಅದರ ಬೆನ್ನಿಗೆ ಅಂತಃಪುರದ ಕಥೆಗಳ ಎರಡನೆಯ ಪುಸ್ತಕ ಪ್ರಕಟವಾಯಿತು. ಗುಲಾಮಗಿರಿಯ ಪ್ರಶ್ನೆಗಾಗಿ ಆಗತಾನೆ ಅಂತರ್ಯುದ್ಧ ಕಂಡಿದ್ದ ಅಮೆರಿಕದ ಓದುಗರಿಗೆ ಆ ದಾಸಿಯರ ಕಥೆಗಳು ಹಿಡಿಸಿದವು.

ಇಲ್ಲಿಯೇ ಆಕೆಯ ಮೇಲಿನ ಗುರುತರವಾದ ಆಕ್ಷೇಪವಿದೆ. ಎರಡನೆಯ ಪುಸ್ತಕದಲ್ಲಿ ನೆಲಮಾಳಿಗೆಯ ಸೆರೆಮನೆಗಳಿವೆ, ಪ್ರೇಮಿಯೊಡನೆ ಚಿತ್ರಹಿಂಸೆಗೊಳಗಾಗಿ ಸುಟ್ಟುಹೋದ ತುಪ್ತಿಮ್ ಎಂಬ ತರುಣಿಯಿದ್ದಾಳೆ, ಕರುಣೆಯಿಲ್ಲದ ದೊರೆಯಿದ್ದಾನೆ. ನೀರು ಜಿನುಗುವ ಬ್ಯಾಂಕಾಕಿನ ಮಣ್ಣಿನಲ್ಲಿ ನೆಲಮಾಳಿಗೆಯ ಸೆರೆಮನೆ ಕಟ್ಟುವುದು ಸಾಧ್ಯವೇ ಇರಲಿಲ್ಲವೆಂದೂ, ಅಂಥ ಶಿಕ್ಷೆಗೆ ದಾಖಲೆಯಿಲ್ಲವೆಂದೂ ಇತಿಹಾಸಕಾರರು ತೋರಿಸಿದ್ದಾರೆ. ಬ್ರಾಂಟೆಯ ಕಾಲದ ಓದುಗರಿಗೆ ಪರಿಚಿತವಾಗಿದ್ದ ಭಯಾನಕ ಮಹಲನ್ನು ಆಕೆ ಸಯಾಮಿನಲ್ಲಿ ಕಟ್ಟಿದಳು. ತನ್ನ ಮಾನ ಉಳಿಸಿಕೊಳ್ಳಲು ತನ್ನ ಕಥೆಯನ್ನು ತಿದ್ದಿದ್ದು ಒಂದು; ಅನ್ನವಿತ್ತ ದೊರೆ ಸತ್ತ ಮೇಲೆ ಅವನ ಕಥೆಯನ್ನು ತಿದ್ದಿದ್ದು ಇನ್ನೊಂದು. ಮೊದಲನೆಯದನ್ನು ಮನ್ನಿಸುವವರೂ ಎರಡನೆಯದನ್ನು ಸುಲಭವಾಗಿ ಮನ್ನಿಸಲಾರರು. ಥಾಯ್ ಜನತೆ ಇಂದಿಗೂ ಮನ್ನಿಸಿಲ್ಲ. 1944ರಲ್ಲಿ ಮಾರ್ಗರೆಟ್ ಲ್ಯಾಂಡನ್ ಬರೆದ ಕಾದಂಬರಿ, 1951ರ ಸಂಗೀತ ನಾಟಕ, ಯೂಲ್ ಬ್ರಿನ್ನರ್ ನಟಿಸಿದ 1956ರ ಚಿತ್ರ, ಜೋಡಿ ಫಾಸ್ಟರ್ ನಟಿಸಿದ 1999ರ ಚಿತ್ರ ಇವೆಲ್ಲಕ್ಕೂ ಮೂಲ ಆಕೆಯ ಪುಸ್ತಕಗಳೇ. ಈ ಎರಡು ಚಿತ್ರಗಳಿಗೂ ಥಾಯ್ಲೆಂಡಿನಲ್ಲಿ ನಿಷೇಧ ಬಿತ್ತು.

ಆಕೆಯ ಶಿಷ್ಯ ಚೂಲಲಾಂಗ್‌ಕಾರ್ನ್ ಮಾತ್ರ ಮಹಾನ್ ದೊರೆಯೆನಿಸಿದನು. 1874ರಿಂದ ಹಂತಹಂತವಾಗಿ ಕಾನೂನು ತಂದು 1905ರಲ್ಲಿ ದಾಸ್ಯಪದ್ಧತಿಯನ್ನು ಕೊನೆಗೊಳಿಸಿದನು. ಅದರ ಪೂರ್ಣ ಶ್ರೇಯಸ್ಸನ್ನು ಶಿಕ್ಷಕಿಗೆ ಕೊಡುವುದು ಅತಿಶಯೋಕ್ತಿ. ತಂದೆಯ ದಾರಿ, ಕಾಲದ ಒತ್ತಡ, ಸ್ವಂತ ವಿವೇಕ ಎಲ್ಲವೂ ಅದರಲ್ಲಿದ್ದವು. ಆದರೂ 1897ರಲ್ಲಿ ಲಂಡನ್ನಿಗೆ ಬಂದಾಗ ಆತ ವೃದ್ಧೆಯಾದ ತನ್ನ ಗುರುವನ್ನು ಭೇಟಿಯಾದನು.

ಕೆನಡಾದಲ್ಲಿ ಆನ್ನಾಳಿಗೆ ಇನ್ನೊಂದು ಕೀರ್ತಿಯಿದೆ. ಮಗಳು ಏವಿಸ್ ಬ್ಯಾಂಕ್ ಅಧಿಕಾರಿಯನ್ನು ಮದುವೆಯಾಗಿ ಹ್ಯಾಲಿಫ್ಯಾಕ್ಸಿನಲ್ಲಿ ನೆಲೆಸಿದಾಗ ಆನ್ನಾಳೂ ಅಲ್ಲಿಗೆ ಹೋದಳು. 1887ರಲ್ಲಿ ಅಲ್ಲಿ ಸ್ಥಾಪನೆಗೊಂಡ ಕಲಾಶಾಲೆಯ ಹಿಂದಿನ ಮುಖ್ಯ ಶಕ್ತಿ ಆಕೆ. ಇಂದು ವಿಶ್ವವಿದ್ಯಾಲಯವಾಗಿರುವ ಆ ಸಂಸ್ಥೆಯ ಕಲಾಗ್ಯಾಲರಿಗೆ ಆಕೆಯ ಹೆಸರಿದೆ. ಮಹಿಳೆಯರ ಮತದಾನದ ಹಕ್ಕಿಗಾಗಿಯೂ ಆಕೆ ದುಡಿದಳು.

ಮುಚ್ಚಿದ ಬಾಗಿಲು

ಇಷ್ಟೆಲ್ಲ ಸಾಧಿಸಿದವಳು ತವರಿನ ಬಾಗಿಲನ್ನು ಮಾತ್ರ ತೆರೆಯಲೇ ಇಲ್ಲ. ಅಕ್ಕ ಎಲೈಜಾಳ ಸಂಬಂಧವನ್ನು ಸಂಪೂರ್ಣವಾಗಿ ಕಡಿದುಕೊಂಡಿದ್ದಳು. ಅಕ್ಕನ ಮಗಳು ಪ್ರಾಟ್ ಮನೆತನಕ್ಕೆ ಸೊಸೆಯಾಗಿ ಹೋದಳು. ಆ ಮನೆಯ ಮೊಮ್ಮಕ್ಕಳಲ್ಲೊಬ್ಬನು ದಶಕಗಳ ಬಳಿಕ ಸಂಪರ್ಕಿಸಲು ಯತ್ನಿಸಿದಾಗ, ಪಟ್ಟು ಬಿಡದಿದ್ದರೆ ಪ್ರಾಣ ಕಳೆದುಕೊಳ್ಳುವುದಾಗಿ ಆಕೆ ಹೆದರಿಸಿದಳೆಂದು ಹೇಳಲಾಗುತ್ತದೆ. ಅದೇ ಮನೆಯ ಕಿರಿಯ ಮೊಮ್ಮಗ ವಿಲಿಯಂ ಹೆನ್ರಿ ಪ್ರಾಟ್ ಮುಂದೆ ಬೋರಿಸ್ ಕಾರ್ಲಾಫ್ ಎಂಬ ಹೆಸರಿನಿಂದ 1931ರ ಫ್ರಾಂಕೆನ್‌ಸ್ಟೈನ್ ಚಿತ್ರದಲ್ಲಿ ಭೂತಾಕಾರದ ಜೀವಿಯ ಪಾತ್ರ ವಹಿಸಿ ಹೆಸರಾದನು. ಚಿಕ್ಕಜ್ಜಿಯಂತೆ ಅವನೂ ಬೇರೊಂದು ಹೆಸರಿನಲ್ಲಿ ಪ್ರಸಿದ್ಧನಾದದ್ದು ಆಶ್ಚರ್ಯದ ಸಂಗತಿ.

ಕೊನೆಯ ಪರ್ವದ ಒಂದು ಸಂಗತಿ ಮನ ಕಲಕುತ್ತದೆ. 1897ರ ಬಳಿಕ ಮೊಮ್ಮಗಳ ಸಂಗೀತಾಭ್ಯಾಸದ ಸಲುವಾಗಿ ಆನ್ನಾ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿದ್ದಳು. ಅರುವತ್ತೈದು ದಾಟಿದ ಆ ವಯಸ್ಸಿನಲ್ಲಿ ಅಲ್ಲಿನ ಪ್ರಾಧ್ಯಾಪಕ ಅರ್ನ್‌ಸ್ಟ್ ವಿಂಡಿಶ್ ಅವರ ಬಳಿ ಸಂಸ್ಕೃತವನ್ನೂ ಭಾರತೀಯ ಪ್ರಾಚೀನ ಸಾಹಿತ್ಯವನ್ನೂ ಅಭ್ಯಾಸ ಮಾಡಿದಳು. ಹುಟ್ಟಿದ ನೆಲವನ್ನು ಬಾಯಿಬಿಟ್ಟು ತನ್ನದೆನ್ನಲು ಆಗದವಳು ಆ ನೆಲದ ವಿದ್ಯೆಯನ್ನು ಪರದೇಶದ ಶಾಲೆಯಲ್ಲಿ, ಪರಕೀಯಳಂತೆ ಕುಳಿತು ಕಲಿತಳು. 1915ರ ಜನವರಿ 19ರಂದು ಮಾಂಟ್ರಿಯಲ್ ನಗರದಲ್ಲಿ ತನ್ನ 83ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸಮಾಧಿಯ ಕಲ್ಲಿನ ಮೇಲೆಯೂ ಗಂಡನನ್ನು ಮೇಜರ್ ಎಂದೇ ಕೆತ್ತಲಾಗಿದೆ.

ಗುಟ್ಟು ಹೊರಬಿದ್ದದ್ದು 1970ರ ದಶಕದಲ್ಲಿ. ಜೇಡಗಳ ಅಧ್ಯಯನದಲ್ಲಿ ಹೆಸರಾದ ಬ್ರಿಟಿಷ್ ವಿಜ್ಞಾನಿ ಬ್ರಿಸ್ಟೋ, ಮಗ ಲೂಯಿಯ ಜೀವನ ಬರೆಯಲು ಹೊರಟು, ವೇಲ್ಸಿನಲ್ಲಿ ಆನ್ನಾಳ ಜನನದ ದಾಖಲೆ ಸಿಗದೆ, ಮುಂಬಯಿ ಪ್ರಾಂತದ ಹಳೆಯ ದಾಖಲೆಗಳಲ್ಲಿ ಆಕೆಯ ಮೂಲವನ್ನು ಪತ್ತೆಮಾಡಿದನು. 1976ರಲ್ಲಿ ಅವನ ಪುಸ್ತಕ ಹೊರಬಂತು. 2008ರಲ್ಲಿ ಸೂಸನ್ ಮಾರ್ಗನ್ ಬರೆದ ಜೀವನಚರಿತ್ರೆಯಂತೂ ಆಕೆಯನ್ನು ಮುಂಬಯಿಯ ಆನ್ನಾ ಎಂದೇ ಕರೆಯಿತು. ಮಕ್ಕಳಿಂದಲೂ ಮರೆಮಾಡಿದ್ದ ಊರಿನ ಹೆಸರೇ ಕೊನೆಗೆ ಆಕೆಯ ಹೆಸರಿಗೆ ಅಂಟಿಕೊಂಡಿತು.

ಆನ್ನಾ ಹುಟ್ಟಿದ 1831ರಲ್ಲಿಯೇ ಇದೇ ದಖ್ಖನಿನ ಸಾತಾರ ಸೀಮೆಯ ನಾಯಗಾಂವಿನಲ್ಲಿ ಸಾವಿತ್ರಿಬಾಯಿ ಫುಲೆ ಹುಟ್ಟಿದರು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸತೊಡಗಿದ ಅವರಿಗೆ ಬೀದಿಯಲ್ಲಿ ಸಗಣಿ, ಕಲ್ಲುಗಳ ಮರ್ಯಾದೆ ದೊರೆಯಿತು. 1897ರಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಲೇ ತೀರಿಕೊಂಡರು. ಇಬ್ಬರೂ ಅಕ್ಷರವನ್ನೇ ನಂಬಿ ಬದುಕಿದವರು. ಒಬ್ಬರು ತಮ್ಮ ಕುಲ, ಊರು, ನುಡಿಗಳೊಡನೆಯೇ ನಿಂತು ಅವಮಾನವನ್ನು ಎದುರಿಸಿದರು. ಇನ್ನೊಬ್ಬಳು ಅವೆಲ್ಲವನ್ನೂ ಬಿಟ್ಟುಕೊಟ್ಟು ಮಾನವನ್ನು ಕೊಂಡಳು. ಹಸಿದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ತಾಯಿಯೊಬ್ಬಳು ಕೊಟ್ಟ ಬೆಲೆಯನ್ನು ದೂರದಿಂದ ತೂಗುವುದು ಸುಲಭವಲ್ಲ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಈ ಮಹಾನಗರದ ಅಂಚಿನಲ್ಲಿ ಮನೆ ಕಟ್ಟಿದ ನಮ್ಮಂಥವರಿಗೆ ಆನ್ನಾಳ ಬದುಕು ಅನ್ಯವಾಗಿ ತೋರದು. ನಮ್ಮ ಹಿರಿಯರು ಇಲ್ಲಿಗೆ ಬರುವಾಗ ಊರಿನ ಹೆಸರನ್ನೂ ಮನೆಮಾತನ್ನೂ ಜೊತೆಗೆ ತಂದರು. ಅವನ್ನು ಅಡಗಿಸಿಡದೆಯೇ ಇಲ್ಲಿ ಬದುಕು ಕಟ್ಟಿಕೊಳ್ಳಲು ಸಾಧ್ಯವಾಯಿತು. ಆನ್ನಾಳಿಗೆ ಆ ಭಾಗ್ಯವಿರಲಿಲ್ಲ. ಮುಂದಿನ ಬಾರಿ ರೈಲು ಭೋರ್ ಘಾಟಿಯನ್ನು ಏರುವಾಗ, ಮಕ್ಕಳಿಗೆ ಊರಿನ ಕಥೆಗಳ ಜೊತೆಗೆ ಈ ಶಿಕ್ಷಕಿಯ ಕಥೆಯನ್ನೂ ಹೇಳೋಣ.